ಸಹಾಯ ಬೇಕು: ಕಾರವಾರದ ಹಳೇ ಚಿರೆಕಲ್ಲಿನ ಕಟ್ಟಡ

ನಮಸ್ಕಾರ. ಕಾರವಾರದಲ್ಲಿ ನಮ್ಮ ಸಣ್ಣ ಟ್ರಸ್ಟ್‌ಗೆ ಒಂದು ಹಳೇ ಕಟ್ಟಡ ದಾನವಾಗಿ ಬಂದಿದೆ. ಚಿರೆಕಲ್ಲಿನ ಗೋಡೆ, ಮಂಗಳೂರು ಹೆಂಚು. ಹಿಂದೆ ಯಾರೋ ಸುಣ್ಣದ ಗಾರೆ ಕೆರೆದು ಸಿಮೆಂಟ್ ಮೆತ್ತಿದ್ದಾರೆ. ನೀರು ಒಳಗೇ ಉಳಿದು, ಬೆರಳಲ್ಲಿ ತಿಕ್ಕಿದರೆ ಕಲ್ಲು ಕೆಂಪು ಪುಡಿಯಾಗಿ ಉದುರುತ್ತದೆ. ಮಾಡಿನ ಮರಕ್ಕೆ ಗೆದ್ದಲು ಬೇರೆ. ಗುತ್ತಿಗೆದಾರರೊಬ್ಬರು ನೋಡಿ, 'ಕೆಡವಿ ಸ್ಲ್ಯಾಬ್ ಹಾಕಿ' ಅಂದರು. ಸುಮ್ನೆ ಚಹಾ ಕೊಟ್ಟು ಕಳಿಸಿದೆವು.

ಸುಣ್ಣದ ಗಾರೆ ಕೆಲಸ ಬಲ್ಲ ಮೇಸ್ತ್ರಿ ಅಂಕೋಲಾ, ಕುಮಟಾ, ಸಿರ್ಸಿ ಕಡೆ ಯಾರಾದರೂ ಇದ್ದಾರಾ? ದೇವಸ್ಥಾನವಾಗಿದ್ದರೆ ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟ್ ಹತ್ತಿರ ಹೋಗಬಹುದಿತ್ತು, ಇದು ಅಲ್ವಲ್ಲ. ಹಳೇ ಪಾರಂಪರಿಕ ಕಟ್ಟಡಗಳನ್ನು ಉಳಿಸಲು 1984ರಲ್ಲಿ ಶುರುವಾದ ಇನ್‌ಟ್ಯಾಕ್ ಸಂಸ್ಥೆಗೆ ಬರೆಯುವ ಮೊದಲು ಫೋಟೊ, ನಕ್ಷೆ ಬಿಟ್ಟು ಇನ್ನೇನು ಸಿದ್ಧ ಮಾಡಿಕೊಳ್ಳಬೇಕು? ನಮಗೆ 80ಜಿ (ದಾನಿಗಳಿಗೆ ತೆರಿಗೆ ರಿಯಾಯಿತಿ ಸಿಗುವ ನೋಂದಣಿ) ಇದೆ. ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣ ಪಡೆದ ಅನುಭವ ಇದ್ದವರೂ ಹೇಳಿ. ಮಳೆಗೆ ಮೊದಲು ಹೆಂಚಾದರೂ ಸರಿ ಮಾಡಬೇಕು.