ಎಕ್ಸೆಲ್‌ನಲ್ಲಿ ಅಮ್ಮನ ಬಿಎಸ್‌ಎ 0.15 ಬರುತ್ತಿದೆ, ಕೀಮೋ ಚೀಟಿಯಲ್ಲಿ 1.52 ಇದೆ. ಯಾವುದು ತಪ್ಪು?

ತೆಂಗಿನಗರಿ:
ನಮಸ್ಕಾರ. ಅಮ್ಮನಿಗೆ ಅಂಡಾಶಯದ ಕ್ಯಾನ್ಸರ್, ಮೂರು ವಾರಕ್ಕೊಮ್ಮೆ ಕೀಮೋ ನಡೆಯುತ್ತಿದೆ. ಚೀಟಿಯಲ್ಲಿ ಬಿಎಸ್‌ಎ 1.52, ಪ್ಯಾಕ್ಲಿಟ್ಯಾಕ್ಸೆಲ್ 265 ಮಿ.ಗ್ರಾಂ., ಕಾರ್ಬೋಪ್ಲಾಟಿನ್ 475 ಮಿ.ಗ್ರಾಂ. ಎಂದು ಬರೆದಿದ್ದಾರೆ. ಬಿಎಸ್‌ಎ ಅಂದರೆ ದೇಹದ ಮೇಲ್ಮೈ ವಿಸ್ತೀರ್ಣ ಎಂದು ಗೊತ್ತಾಯಿತು. ಸುಮ್ನೆ ಕೂರಲಾಗದೆ ನಾನೂ ಒಂದು ಶೀಟ್ ಮಾಡಿದೆ. ಮಾಸ್ಟೆಲ್ಲರ್ ಸೂತ್ರ ಹಾಕಿದರೆ 0.15, ಡುಬಾಯ್ ಸೂತ್ರ ಹಾಕಿದರೆ 0.05! ಪ್ಯಾಕ್ಲಿಟ್ಯಾಕ್ಸೆಲ್ ಒಂದು ಚದರ ಮೀಟರಿಗೆ 175 ಮಿ.ಗ್ರಾಂ. ಅಂತೆ. ನನ್ನ ಲೆಕ್ಕದಲ್ಲಿ ಅಮ್ಮನಿಗೆ ಬರೀ 27 ಮಿ.ಗ್ರಾಂ. ಆಗುತ್ತದೆ. ಹತ್ತು ಪಟ್ಟು ಜಾಸ್ತಿ ಔಷಧಿ ಹೋಗುತ್ತಿದೆಯಾ? ರಾತ್ರಿ ನಿದ್ದೆ ಇಲ್ಲ. ಅಮ್ಮ 152 ಸೆಂ.ಮೀ., 55 ಕೆ.ಜಿ.

ಹಳೇ ಕ್ಯಾಲ್ಕುಲೇಟರ್:
ಮೊದಲು ನಿದ್ದೆ ಮಾಡಿ. ಚೀಟಿ ಸರಿಯಾಗಿಯೇ ಇದೆ. ಪೇಪರಿನ ಮೇಲೆ ಮಾಡಿ ನೋಡಿ: 152 ಗುಣಿಸು 55, 8360. ಅದನ್ನು 3600ರಿಂದ ಭಾಗಿಸಿದರೆ 2.32. ವರ್ಗಮೂಲ 1.52.

ನಿಮ್ಮ ಉತ್ತರ ಸರಿಯಾಗಿ ಹತ್ತನೇ ಒಂದು ಪಾಲು ಬಂದಿದೆ, ಕಳ್ಳ ಅಲ್ಲೇ ಇದ್ದಾನೆ. ಎತ್ತರವನ್ನು ಮೀಟರಿನಲ್ಲಿ ಹಾಕಿದ್ದೀರಿ, 1.52 ಅಂತ. ಎತ್ತರ ನೂರು ಪಟ್ಟು ಕಮ್ಮಿಯಾದರೆ ವರ್ಗಮೂಲದಲ್ಲಿ ಹತ್ತು ಪಟ್ಟು ಕಮ್ಮಿಯಾಗುತ್ತದೆ. ಡುಬಾಯ್ ಸೂತ್ರದಲ್ಲಿ ಎತ್ತರದ ಘಾತ 0.725, ಹಾಗಾಗಿ ಅಲ್ಲಿ ಸುಮಾರು 28 ಪಟ್ಟು ಕಮ್ಮಿ. 1.51 ಬರಬೇಕಾದದ್ದು 0.05 ಆಗಿದೆ. ಎರಡೂ ಸೂತ್ರ ಸೆಂಟಿಮೀಟರನ್ನೇ ಕೇಳುತ್ತವೆ. ನೀವು ಹಳೆಯ ಬಿಎಂಐ (ಎತ್ತರಕ್ಕೆ ತಕ್ಕ ತೂಕ ನೋಡುವ ಲೆಕ್ಕ) ಶೀಟನ್ನೇ ತಿದ್ದಿದ್ದೀರಿ, ಅಲ್ವಾ? ಅದಕ್ಕೆ ಮಾತ್ರ ಮೀಟರ್ ಬೇಕು.

ತೆಂಗಿನಗರಿ:
ಅಯ್ಯೋ, ಹೌದು ಸರ್! ಅಪ್ಪನ ಶುಗರ್ ಬಂದಾಗ ಮಾಡಿದ ಬಿಎಂಐ ಶೀಟ್ ಅದು. ಈಗ 1.52 ಬಂತು. 175ರಿಂದ ಗುಣಿಸಿದರೆ 266, ಚೀಟಿಯಲ್ಲಿ 265. ಆದರೆ ಕಾರ್ಬೋಪ್ಲಾಟಿನ್ ತಾಳೆಯಾಗುತ್ತಿಲ್ಲ. 475ನ್ನು 1.52ರಿಂದ ಭಾಗಿಸಿದರೆ 312.5. ಇಂಥ ಡೋಸ್ ಎಲ್ಲೂ ಕಾಣಲಿಲ್ಲ.

ವಾರ್ಡ್ ಅಕ್ಕ:
ನಾನು ಕ್ಯಾನ್ಸರ್ ವಾರ್ಡಿನಲ್ಲಿ ನರ್ಸ್. ಕಾರ್ಬೋಪ್ಲಾಟಿನ್‌ಗೆ ಬಿಎಸ್‌ಎ ಬಳಸುವುದು ವಾಡಿಕೆಯಲ್ಲ. ಅದು ಹೆಚ್ಚಾಗಿ ಕಿಡ್ನಿಯಿಂದ ಹೊರಗೆ ಹೋಗುವ ಔಷಧಿ. ಹಾಗಾಗಿ ಕಿಡ್ನಿ ನಿಮಿಷಕ್ಕೆ ಎಷ್ಟು ಸೋಸುತ್ತದೆ (ಜಿಎಫ್‌ಆರ್) ಎಂಬುದರ ಮೇಲೆ ಡೋಸ್. ಕ್ಯಾಲ್ವರ್ಟ್ ಸೂತ್ರ ಅಂತ: ಎಯುಸಿ ಗುರಿ ಗುಣಿಸು (ಜಿಎಫ್‌ಆರ್ ಕೂಡಿಸು 25). ಎಯುಸಿ ಅಂದರೆ ರಕ್ತದಲ್ಲಿ ಔಷಧಿ ಎಷ್ಟು, ಎಷ್ಟು ಹೊತ್ತು ಇರುತ್ತದೆ ಎಂಬುದರ ಒಟ್ಟು ಅಳತೆ. ಗುರಿ 5, ಜಿಎಫ್‌ಆರ್ 70 ಎಂದಿಟ್ಟುಕೊಂಡರೆ 5 ಗುಣಿಸು 95, 475. ಚೀಟಿಯ ಮೂಲೆಯಲ್ಲಿ "ಎಯುಸಿ 5" ಅಂತ ಇದೆಯೇ ನೋಡಿ.

ಇಲ್ಲಿ ಎಡವುವ ಜಾಗ ಇನ್ನೊಂದಿದೆ. ಲ್ಯಾಬ್ ರಿಪೋರ್ಟಿನ ಇಜಿಎಫ್‌ಆರ್ (ಅಂದಾಜು ಜಿಎಫ್‌ಆರ್) ಸಾಮಾನ್ಯವಾಗಿ "1.73 ಚದರ ಮೀಟರಿಗೆ", ಅಂದರೆ ಬಿಎಸ್‌ಎ ಅಷ್ಟಿರುವ ಮೈಗೆ, ಎಂದು ಹೊಂದಿಸಿದ ಸಂಖ್ಯೆ. ಕ್ಯಾಲ್ವರ್ಟ್‌ಗೆ ಬೇಕಾದದ್ದು ಹಾಗೆ ಹೊಂದಿಸದ, ಆ ರೋಗಿಯದೇ ಸಂಖ್ಯೆ. ಅಮ್ಮನಂಥ ಸಣ್ಣ ಮೈಯವರಿಗೆ ರಿಪೋರ್ಟಿನದನ್ನು ಹಾಗೇ ಹಾಕಿದರೆ ಡೋಸ್ ಜಾಸ್ತಿ ಬರುತ್ತದೆ. ಕಾರ್ಬೋಪ್ಲಾಟಿನ್ ಕಾಲಂ ನಿಮ್ಮ ಶೀಟಿನಲ್ಲಿ ಬೇಡವೇ ಬೇಡ.

ತೆಂಗಿನಗರಿ:
ಇದೆ ಮೇಡಂ, "ಎಯುಸಿ 5" ಅಂತಲೇ ಇದೆ! ಕೊನೆಯ ಪ್ರಶ್ನೆ. ನಿನ್ನೆ ಮನೆಯ ತಕ್ಕಡಿಯಲ್ಲಿ ಅಮ್ಮ 51 ಕೆ.ಜಿ. ಬಿಎಸ್‌ಎ 1.47ಕ್ಕೆ ಇಳಿಯಿತು. ಹಳೆಯ ಡೋಸೇ ಕೊಟ್ಟರೆ ತೊಂದರೆಯಾ?

ವಾರ್ಡ್ ಅಕ್ಕ:
ನೋಡಿ, ತೂಕ ಶೇ. 7ರಷ್ಟು ಇಳಿದರೂ ಬಿಎಸ್‌ಎ ಶೇ. 4ರಷ್ಟೂ ಇಳಿದಿಲ್ಲ. 266 ಇದ್ದದ್ದು 257 ಆಗುತ್ತದೆ, ಅಷ್ಟೇ. ಡೋಸ್ ಮರುಲೆಕ್ಕ ಮಾಡಲು ಕೆಲವು ಕಡೆ ಶೇ. 5, ಕೆಲವು ಕಡೆ ಶೇ. 10 ತೂಕ ಬದಲಾಗಬೇಕು ಎಂಬ ನಿಯಮ ಇರುತ್ತದೆ. ಮುಂದಿನ ಸಲ ಹೋದಾಗ ಚಪ್ಪಲಿ ಬಿಚ್ಚಿಸಿ ಅಲ್ಲಿನ ತಕ್ಕಡಿಯಲ್ಲೇ ತೂಗಿಸಿ, "51 ಆಗಿದೆ" ಎಂದು ಬಾಯಿಬಿಟ್ಟು ಹೇಳಿ.

ಮೊದಲು ಅಮ್ಮನ ಹೊಟ್ಟೆಯಲ್ಲಿ ನೀರು ತುಂಬಿತ್ತೇ? ಈ ಕಾಯಿಲೆಯಲ್ಲಿ ಅದು ಮಾಮೂಲಿ. ಇಳಿದ ನಾಲ್ಕು ಕೆ.ಜಿ.ಯಲ್ಲಿ ಒಂದಷ್ಟು ಆ ನೀರೇ ಇರಬಹುದು. ಊಟ ಹೇಗೆ ಸೇರುತ್ತಿದೆ ಎಂಬುದನ್ನೂ ಡಾಕ್ಟರಿಗೆ ಹೇಳಿ.

ಹಳೇ ಕ್ಯಾಲ್ಕುಲೇಟರ್:
ಇನ್ನೊಂದು ಮಾತು. ಎರಡನೇ ದಶಮಾಂಶಕ್ಕೆ ಜಗಳ ಬೇಡ. ಡುಬಾಯ್ ಸೂತ್ರ 1916ರದ್ದು. ಮೈಗೆ ಕಾಗದದ ಅಚ್ಚು ಅಂಟಿಸಿ, ಕತ್ತರಿಸಿ, ಚಪ್ಪಟೆ ಹರಡಿ ಅಳೆದದ್ದು. ಅದೂ ಒಂಬತ್ತೇ ಜನರನ್ನು! ಮಾಸ್ಟೆಲ್ಲರ್ 1987ರಲ್ಲಿ ಕೊಟ್ಟದ್ದು ನೆನಪಿಡಲು ಸುಲಭವಾದ ಸೂತ್ರ. ದೊಡ್ಡವರಲ್ಲಿ ಎರಡೂ ಹತ್ತಿರ ಹತ್ತಿರ ಬರುತ್ತವೆ. 3.5 ಕೆ.ಜಿ., 50 ಸೆಂ.ಮೀ.ನ ಕೂಸಿಗೆ ಮಾತ್ರ ಡುಬಾಯ್ 0.21, ಮಾಸ್ಟೆಲ್ಲರ್ 0.22. ಸಣ್ಣ ಮೈಯಲ್ಲಿ ಅಷ್ಟೂ ಲೆಕ್ಕಕ್ಕೆ ಬರುತ್ತದೆ.

ಶೀಟಿಗೆ ಒಂದು ಬೇಲಿ ಹಾಕಿ: ಎತ್ತರ 100ಕ್ಕಿಂತ ಕಮ್ಮಿ ಬಿದ್ದರೆ ಕೋಶ ಕೆಂಪಾಗಲಿ.

ತೆಂಗಿನಗರಿ:
ಹೊಟ್ಟೆಯಲ್ಲಿ ನೀರಿತ್ತು ಮೇಡಂ, ಮೊದಲ ಕೀಮೋಗೆ ಮುಂಚೆ ಒಮ್ಮೆ ತೆಗೆದಿದ್ದರು. ಕಾರ್ಬೋಪ್ಲಾಟಿನ್ ಕಾಲಂ ಅಳಿಸಿದೆ, ಬೇಲಿ ಹಾಕಿದೆ. 1.52 ಬರೆದು ನೋಡಿದೆ ಸರ್, ಕೆಂಪಾಯಿತು. ಸೋಮವಾರ ತೂಗಿಸಿ ಬಂದು ಇಲ್ಲೇ ಬರೆಯುತ್ತೇನೆ.