ರೀಮ್ಯಾಪ್ ಮಾಡಿಸಿದರೆ ನಿಜಕ್ಕೂ ಎಷ್ಟು ಎಚ್‌ಪಿ ಸಿಗುತ್ತದೆ?

ಪ್ರಶ್ನೆ: ನನ್ನದು ಏಳನೇ ತಲೆಮಾರಿನ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ. 2.0 ಟಿಎಸ್‌ಐ ಟರ್ಬೊ ಪೆಟ್ರೋಲ್ ಎಂಜಿನ್, ಆರು ಗೇರಿನ ಡಿಎಸ್‌ಜಿ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಕಂಪನಿ ಲೆಕ್ಕದಲ್ಲಿ 220 ಎಚ್‌ಪಿ, 350 ಎನ್‌ಎಂ ಟಾರ್ಕ್ (ತಿರುಗಿಸುವ ಬಲ). ಸ್ಟೇಜ್ 1 ರೀಮ್ಯಾಪ್ (ಎಂಜಿನ್ ಸಾಫ್ಟ್‌ವೇರ್ ಮಾತ್ರ ಬದಲಿಸೋದು) ಮಾಡಿಸಿದರೆ 330 ಎಚ್‌ಪಿ ಗ್ಯಾರಂಟಿ, ಯಾವ ಪಾರ್ಟೂ ಬದಲಾಯಿಸೋದು ಬೇಡ ಅಂತ ಒಬ್ಬರು ಟ್ಯೂನರ್ ಹೇಳುತ್ತಿದ್ದಾರೆ. ಅಷ್ಟು ಬರುತ್ತದಾ? 0–100 ಐದು ಸೆಕೆಂಡಿನೊಳಗೆ ಇಳಿಯುತ್ತದಾ? ಈ ಕೆಲಸದಲ್ಲೇ ಇರುವವರು ದಯವಿಟ್ಟು ಹೇಳಿ.

ಉತ್ತರ: 330 ಮರೆತುಬಿಡಿ ಸರ್. ಎಂಜಿನ್ ಆರೋಗ್ಯವಾಗಿದ್ದು, 98 ಆಕ್ಟೇನ್ ಪೆಟ್ರೋಲ್ ಹಾಕುತ್ತಿದ್ದರೆ 280ರಿಂದ 300 ಎಚ್‌ಪಿ ಬರಬಹುದು. 95 ಆಕ್ಟೇನ್ ಆದರೆ ಅದಕ್ಕಿಂತ ಸ್ವಲ್ಪ ಕಡಿಮೆ. ಟಾರ್ಕ್ 420–440 ಎನ್‌ಎಂ ಹತ್ತಿರ. ಇದೇ ದೊಡ್ಡ ಲಾಭ. ಟರ್ಬೊ ಇಲ್ಲದ ಎಂಜಿನ್‌ಗೆ ರೀಮ್ಯಾಪ್ ಮಾಡಿದರೆ ನೂರಕ್ಕೆ ಐದರಷ್ಟು ಸಿಕ್ಕರೂ ಪುಣ್ಯ. ಅಲ್ಲಿ ಒಳಗೆ ಹೋಗುವ ಗಾಳಿಯನ್ನು ಹೆಚ್ಚಿಸುವ ದಾರಿಯೇ ಇಲ್ಲ. ಟರ್ಬೊದಲ್ಲಿ ಬೂಸ್ಟ್, ಅಂದರೆ ಗಾಳಿ ತುಂಬುವ ಒತ್ತಡ, ಏರಿಸಬಹುದು, ಅದಕ್ಕೆ ತಕ್ಕಷ್ಟು ಪೆಟ್ರೋಲ್ ಕೊಡಬಹುದು.

ಕಂಪನಿಯವರೇ ಯಾಕೆ ಕೊಡಲಿಲ್ಲ ಅಂತ ಕೇಳಬಹುದು. ಅವರ ಎಂಜಿನ್ ಸುಡು ಬಿಸಿಲಲ್ಲೂ, ಬೆಟ್ಟದ ಮೇಲೂ, ಕಳಪೆ ಪೆಟ್ರೋಲಿನಲ್ಲೂ ವರ್ಷಗಟ್ಟಲೆ ಓಡಬೇಕು. ಜೊತೆಗೆ ಮೇಲಿನ ಮಾಡೆಲ್ ಕೂಡ ಮಾರಾಟ ಆಗಬೇಕಲ್ವಾ! ಆದರೆ ಎಲ್ಲವೂ ಬರೀ ಸಾಫ್ಟ್‌ವೇರ್ ವ್ಯತ್ಯಾಸ ಅಲ್ಲ. ಬಿಎಂಡಬ್ಲ್ಯು 320ಐ, 330ಐ ಎರಡರಲ್ಲೂ ಎರಡು ಲೀಟರಿನ ಬಿ48 ಎಂಜಿನ್ ಇದೆ. 184 ಎಚ್‌ಪಿಯದಕ್ಕೆ ಕಂಪ್ರೆಷನ್ (ಸಿಲಿಂಡರಿನಲ್ಲಿ ಗಾಳಿ-ಪೆಟ್ರೋಲ್ ಅದುಮುವ ಅನುಪಾತ) 11:1, 258 ಎಚ್‌ಪಿಯದಕ್ಕೆ 10.2:1. ಅಂದರೆ ಒಳಗಿನ ಪಾರ್ಟೇ ಬೇರೆ. ನಿಮ್ಮ ಜಿಟಿಐಗೂ 300 ಎಚ್‌ಪಿಯ ಗಾಲ್ಫ್ ಆರ್‌ಗೂ ಹಾಗೇ. ಅದರ ಟರ್ಬೊ ದೊಡ್ಡದು. ನಿಮ್ಮದರಲ್ಲಿರುವ ಐಎಸ್20 ಟರ್ಬೊ ಮಧ್ಯದ ಆರ್‌ಪಿಎಮ್‌ನಲ್ಲಿ ಚೆನ್ನಾಗಿ ತಳ್ಳುತ್ತದೆ, ಮೇಲೆ ಹೋದಂತೆ ಅದಕ್ಕೆ ಉಸಿರು ಸಾಲದು. ಅದಕ್ಕೇ 330 ಬರೋದಿಲ್ಲ ಅಂದದ್ದು.

0–100ರ ವಿಷಯ. ಈಗ ಸುಮಾರು 6.5 ಸೆಕೆಂಡ್. ರೀಮ್ಯಾಪ್ ಆದ ಮೇಲೆ ಅರ್ಧ ಸೆಕೆಂಡ್, ಟೈರು ಚೆನ್ನಾಗಿದ್ದರೆ ಇನ್ನೂ ಒಂದಿಷ್ಟು ಉಳಿಯಬಹುದು. ಮುಂದಿನ ಚಕ್ರಗಳಷ್ಟೇ ಎಳೆಯುವ ಕಾರು ಇದು. ಮೊದಲ ಗೇರಿನಲ್ಲಿ ಹೆಚ್ಚಿನ ಟಾರ್ಕೆಲ್ಲ ರಬ್ಬರ್ ಸುಡುವುದಕ್ಕೇ ಹೋಗುತ್ತದೆ. ನಿಮಗೆ ವ್ಯತ್ಯಾಸ ಗೊತ್ತಾಗೋದು 80ರಿಂದ 120ಕ್ಕೆ ಏರುವಾಗ, ಹೆದ್ದಾರಿಯಲ್ಲಿ ಲಾರಿ ದಾಟುವಾಗ. ಅಲ್ಲಿ ಇದು ಬೇರೆಯದೇ ಕಾರು.

ಮರುಪ್ರಶ್ನೆ: ಆದರೆ ಆ ಟ್ಯೂನರ್ ಡೈನೊ (ಕಾರನ್ನು ರೋಲರ್ ಮೇಲೆ ಓಡಿಸಿ ಶಕ್ತಿ ಅಳೆಯುವ ಯಂತ್ರ) ಶೀಟ್ ತೋರಿಸಿದರು. ಅದರಲ್ಲಿ 330 ಅಂತಲೇ ಇದೆ.

ಉತ್ತರ: ಡೈನೊ ಅಳೆಯೋದು ಚಕ್ರಕ್ಕೆ ಬಂದ ಶಕ್ತಿ. ಎಂಜಿನ್‌ನಲ್ಲಿ ಎಷ್ಟಿತ್ತು ಅನ್ನೋದು ಲೆಕ್ಕ ಹಾಕಿ ಬರೆಯುವ ಅಂಕಿ. ಗೇರ್‌ಬಾಕ್ಸಿನಲ್ಲಿ ನೂರಕ್ಕೆ 15 ಹೋಯಿತು ಅಂತ ಒಬ್ಬರು ಹಿಡಿದರೆ, 20 ಹೋಯಿತು ಅಂತ ಇನ್ನೊಬ್ಬರು ಹಿಡಿಯುತ್ತಾರೆ. ಚಕ್ರದಲ್ಲಿ 250 ಬಂದರೆ ಮೊದಲನೆಯವರ ಲೆಕ್ಕದಲ್ಲಿ 294, ಎರಡನೆಯವರದ್ದರಲ್ಲಿ 312. ಕಾರು ಅದೇ, ಕುದುರೆಗಳು ಮಾತ್ರ ಕಾಗದದ ಮೇಲೆ ಮರಿ ಹಾಕಿದವು. ಇದರ ಮೇಲೆ ಹವಾಮಾನಕ್ಕೆ ತಕ್ಕಂತೆ ಅಂಕಿ ತಿದ್ದುವ ಕರೆಕ್ಷನ್ ಬೇರೆ.

ಹಾಗಾಗಿ ಒಂದೇ ಶೀಟ್ ನೋಡಬೇಡಿ. ಅದೇ ದಿನ, ಅದೇ ಡೈನೊದಲ್ಲಿ, ಅದೇ ಕರೆಕ್ಷನ್ ಇಟ್ಟು ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು ಅಂತ ಕೇಳಿ. ನನ್ನನ್ನು ಕೇಳಿದರೆ ಡೈನೊಗಿಂತ ಲಾಗ್, ಅಂದರೆ ಓಡುವಾಗ ಎಂಜಿನ್ ಕಂಪ್ಯೂಟರಿನಿಂದ ತೆಗೆದ ಅಂಕಿಗಳ ದಾಖಲೆ, ಮುಖ್ಯ. ಮೂರನೇ ಗೇರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿ ತೆಗೆದ ಲಾಗ್ ಕೊಡಿ ಅನ್ನಿ. ಇಸಿಯು (ಎಂಜಿನ್ ಕಂಪ್ಯೂಟರ್) ಕೇಳಿದ ಬೂಸ್ಟ್ ಎಷ್ಟು, ಬಂದದ್ದು ಎಷ್ಟು? ಗಾಳಿಯ ಬಿಸಿ ಎಷ್ಟು ಏರಿತು? ಯಾವ ಸಿಲಿಂಡರಿನಲ್ಲಿ ನಾಕ್ (ಪೆಟ್ರೋಲ್ ತಾನಾಗೇ ಸಿಡಿಯೋದು) ಬಂದು ಟೈಮಿಂಗ್ ಹಿಂದೆ ಹೋಯಿತು, ಅಂದರೆ ಪ್ಲಗ್ಗಿನ ಕಿಡಿ ತಡವಾಯಿತು? ಪ್ರತಿ ಸಲವೂ ಟೈಮಿಂಗ್ ಹಿಂದೆ ಎಳೆಯುತ್ತಿದ್ದರೆ ಆ ರೀಮ್ಯಾಪ್ ಫೈಲ್ ನಿಮ್ಮ ಪೆಟ್ರೋಲಿಗೆ ಜಾಸ್ತಿಯಾಯಿತು. ಆ ಶಕ್ತಿ ಶೀಟಿನಲ್ಲಿ ಇರುತ್ತದೆ, ರಸ್ತೆಯಲ್ಲಿ ಇರೋದಿಲ್ಲ.

ಇನ್ನೊಬ್ಬರ ಪ್ರಶ್ನೆ: ಸರ್, ನನ್ನದು 1.0 ಟಿಎಸ್‌ಐ, ಏಳು ಗೇರಿನ ಡಿಎಸ್‌ಜಿ. ನಾನೂ ಮಾಡಿಸಬಹುದಾ?

ಉತ್ತರ: ಮಾಡಿಸಬಹುದು, ಆದರೆ ಕೈ ಹಿಡಿದು. ನಿಮ್ಮದು ಡಿಕ್ಯು200 ಗೇರ್‌ಬಾಕ್ಸ್. ಕ್ಲಚ್ ಒಣ ಮಾದರಿಯದು, ಎಣ್ಣೆಯಲ್ಲಿ ಮುಳುಗಿರೋದಿಲ್ಲ. ಅದರ ಮಿತಿ 250 ಎನ್‌ಎಂ. ಎಂಜಿನ್ ಕೊಡಬಲ್ಲದು ಅಂತ 260 ತೆಗೆಯಲು ಹೋಗಬೇಡಿ. 220–230ಕ್ಕೆ ನಿಲ್ಲಿಸಿ, 130–135 ಎಚ್‌ಪಿ ಬಂದರೆ ಸಂತೋಷಪಡಿ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು, ಇಲ್ಲಿ ಹಾಸಿಗೆ ಅಂದರೆ ಕ್ಲಚ್. ಮೇಲೆ ಕೇಳಿದ ಜಿಟಿಐಯವರದ್ದು ಎಣ್ಣೆಯಲ್ಲಿರುವ ಕ್ಲಚ್. ಅದಕ್ಕೂ ಕಂಪನಿ ಹೇಳುವ ಮಿತಿ 350 ಎನ್‌ಎಂ. 420 ಕೊಡೋದಾದರೆ ಗೇರ್‌ಬಾಕ್ಸ್ ಸಾಫ್ಟ್‌ವೇರನ್ನೂ ಜೊತೆಗೇ ಮಾಡಿಸಿ, ಕ್ಲಚ್ ಒತ್ತುವ ಒತ್ತಡ ಹೆಚ್ಚಾಗಬೇಕು. ಇಲ್ಲದಿದ್ದರೆ ಜಾರಿ ಜಾರಿ ಕ್ಲಚ್ ಸವೆಯುತ್ತದೆ.

ಮತ್ತೊಬ್ಬರ ಪ್ರಶ್ನೆ: 2.0 ಟಿಡಿಐ ಡೀಸೆಲ್ ಇದೆ, 150 ಎಚ್‌ಪಿ. ಟ್ಯೂನಿಂಗ್ ಬಾಕ್ಸ್ ಹಾಕಿದರೆ ಮೈಲೇಜೂ ಜಾಸ್ತಿ ಅಂತಾರೆ. ಸ್ನೇಹಿತನ ಡಿಸ್‌ಪ್ಲೇನಲ್ಲಿ ನಿಜವಾಗಲೂ ಜಾಸ್ತಿ ತೋರಿಸುತ್ತಿದೆ.

ಉತ್ತರ: ಡಿಸ್‌ಪ್ಲೇ ನಂಬಬೇಡಿ. ಆ ಬಾಕ್ಸ್ ಮಾಡೋದೇ ಮೋಸ. ರೈಲ್ ಪ್ರೆಶರ್ (ಇಂಜೆಕ್ಟರಿಗೆ ಹೋಗುವ ಡೀಸೆಲಿನ ಒತ್ತಡ) ಸೆನ್ಸರಿನ ಸಿಗ್ನಲನ್ನು ಕಡಿಮೆ ಮಾಡಿ ಇಸಿಯುಗೆ ತೋರಿಸುತ್ತದೆ. ಇಸಿಯು ಒತ್ತಡ ಏರಿಸುತ್ತದೆ, ಡೀಸೆಲ್ ಜಾಸ್ತಿ ಒಳಗೆ ಹೋಗುತ್ತದೆ. ಆದರೆ ಕಂಪ್ಯೂಟರ್ ಹಳೇ ಲೆಕ್ಕದಲ್ಲೇ ಇರುತ್ತದೆ, ಅದಕ್ಕೇ ಕಡಿಮೆ ಖರ್ಚಾದಂತೆ ತೋರಿಸುತ್ತದೆ. ಟ್ಯಾಂಕ್ ತುಂಬಿಸಿ, ಕಿಲೋಮೀಟರ್ ಭಾಗಿಸಿ ನೋಡಿ. ಸರಿಯಾದ ರೀಮ್ಯಾಪ್‌ನಲ್ಲಿ ಈ ಎಂಜಿನ್ 185ರ ಆಸುಪಾಸು ಎಚ್‌ಪಿ, 400 ಎನ್‌ಎಂ ಕೊಡುತ್ತದೆ. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ತೆಗೆಸಿ ಅಂದವರ ಕಡೆ ಹೋಗಲೇಬೇಡಿ. ಹೊಗೆಯೂ ಜಾಸ್ತಿ, ಹೆಚ್ಚಿನ ದೇಶಗಳಲ್ಲಿ ಕಾನೂನಿಗೂ ವಿರುದ್ಧ.

ಮೊದಲು ಕೇಳಿದವರು: ಸರಿ ಸರ್, 290ಕ್ಕೆ ಒಪ್ಪಿಕೊಂಡೆ. ಜೊತೆಗೆ ಪಟ್ ಪಟ್ ಶಬ್ದವನ್ನೂ ಪುಕ್ಕಟೆ ಹಾಕಿಕೊಡುತ್ತಾರಂತೆ!

ಉತ್ತರ: ಅದು ಬೇಡ ಅನ್ನಿ. ಆ ಶಬ್ದಕ್ಕೆ ಪೆಟ್ರೋಲ್ ಎಕ್ಸಾಸ್ಟಿನಲ್ಲಿ ಉರಿಯಬೇಕು. ಬೇರೆ ಕಡೆ ಆ ಫೈಲ್ ಹಾಕಿಸಿಕೊಂಡ ಕಾರೊಂದು ನನ್ನ ಲಿಫ್ಟಿಗೆ ಬಂದಿತ್ತು. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನ ಒಳಗಿನ ಜೇನುಗೂಡು ಕರಗಿ ಮುದ್ದೆಯಾಗಿತ್ತು. ಅದರ ಬದಲು ಹೊಸ ಸ್ಪಾರ್ಕ್ ಪ್ಲಗ್, ಎಂಜಿನ್ ಆಯಿಲ್, ಒಳ್ಳೆ ಟೈರು ಹಾಕಿಸಿ. ವಾರಂಟಿ ಇನ್ನೂ ಇದ್ದರೆ ಒಂದು ಮಾತು: ಬದಲಾದ ಸಾಫ್ಟ್‌ವೇರನ್ನು ಕಂಪನಿಯ ಸರ್ವರ್ ಗುರುತು ಹಿಡಿದು ದಾಖಲು ಮಾಡಿಕೊಳ್ಳುತ್ತದೆ. ಹಳೇ ಫೈಲ್ ವಾಪಸ್ ಹಾಕಿದರೂ ಅದು ಅಳಿಯೋದಿಲ್ಲ.