‘ಹೆಂಚ್‌ಮನ್’ಗೆ ಕನ್ನಡದಲ್ಲಿ ಏನು? ನಾಳೆ ಸಂಜೆಯೊಳಗೆ ಬೇಕು

ಮೈಸೂರಿನಿಂದ

ಎಲ್ಲರಿಗೂ ನಮಸ್ಕಾರ. ಒಂದು ಪದ ತುರ್ತಾಗಿ ಬೇಕಾಗಿದೆ. ನಮ್ಮ ಫಿಲಂ ಕ್ಲಬ್ಬಿನಲ್ಲಿ ಈ ಶನಿವಾರ 1964ರ ‘ಗೋಲ್ಡ್‌ಫಿಂಗರ್’ ತೋರಿಸುತ್ತಿದ್ದೇವೆ. ಬಾಗಿಲ ಹತ್ತಿರ ಒಂದು ಫ್ಲೆಕ್ಸ್ ಹಾಕಬೇಕು. ಬಾಂಡ್ ಚಿತ್ರಗಳಲ್ಲಿ ವಿಲನ್‌ಗಿಂತ ಜಾಸ್ತಿ ನೆನಪಿನಲ್ಲಿ ಉಳಿಯುವವರು ಅವನ ಪಕ್ಕದಲ್ಲಿ ನಿಂತವರು, ಅಲ್ವಾ? ಅಂಥ ಮೂವರ ಫೋಟೋ ಹಾಕುತ್ತಿದ್ದೇನೆ. ಗೋಲ್ಡ್‌ಫಿಂಗರ್‌ನ ಆಡ್‌ಜಾಬ್, 1963ರ ‘ಫ್ರಮ್ ರಷ್ಯಾ ವಿತ್ ಲವ್’ನ ರೆಡ್ ಗ್ರಾಂಟ್, 1977ರ ‘ದಿ ಸ್ಪೈ ಹೂ ಲವ್ಡ್ ಮಿ’ಯ ಜಾಸ್.

ಇವರನ್ನು ಕನ್ನಡದಲ್ಲಿ ಏನನ್ನಬೇಕು? ‘ಅನುಚರ’ ಸಪ್ಪೆ. ‘ಹಿಂಬಾಲಕ’ ಈಗ ಫೇಸ್‌ಬುಕ್ಕಿನ ಪದ. ‘ಚೇಲಾ’ ರಾಜಕಾರಣಿಯ ಸುತ್ತ ಓಡಾಡುವವನು. ‘ಗೂಂಡಾ’ ಅಂದರೆ ಹತ್ತರಲ್ಲಿ ಒಬ್ಬ, ಅವನಿಗೆ ಹೆಸರೂ ಇರುವುದಿಲ್ಲ.

ಆಡ್‌ಜಾಬ್ ಹಾಗಲ್ಲ. ಆ ಪಾತ್ರ ಮಾಡಿದ ಹೆರಾಲ್ಡ್ ಸಕಾಟ ಹವಾಯಿಯವರು, 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರ ಎತ್ತಿ ಬೆಳ್ಳಿ ಗೆದ್ದವರು. ಚಿತ್ರದಲ್ಲಿ ಅವರಿಗೆ ಮಾತೇ ಇಲ್ಲ. ಧಣಿಯ ಕಾರು ಓಡಿಸುತ್ತಾನೆ, ಗಾಲ್ಫ್ ಚೀಲ ಹೊರುತ್ತಾನೆ. ಧಣಿ ಸನ್ನೆ ಮಾಡಿದರೆ ಹ್ಯಾಟು ಎಸೆದು ಕಲ್ಲಿನ ಬೊಂಬೆಯ ತಲೆ ಹಾರಿಸುತ್ತಾನೆ. ಆಮೇಲೆ ಗಾಲ್ಫ್ ಚೆಂಡನ್ನು ಮುಷ್ಟಿಯಲ್ಲೇ ಪುಡಿ ಮಾಡುತ್ತಾನೆ.

ಫ್ಲೆಕ್ಸ್ ಅಂಗಡಿಯವರು ನಾಳೆ ಸಂಜೆ 4ಕ್ಕೆ ಫೈಲ್ ಕೇಳಿದ್ದಾರೆ. ದೊಡ್ಡಕ್ಷರದ ಒಂದು ಸಾಲು. ಮೂರು ಪದಕ್ಕಿಂತ ಜಾಸ್ತಿ ಹಿಡಿಸುವುದಿಲ್ಲ. ದಯವಿಟ್ಟು ಸಹಾಯ ಮಾಡಿ.

ಧಾರವಾಡದಿಂದ

ಮೊದಲು ಪದದ ಮೂಲ ನೋಡಬೇಕು. ಹಳೆಯ ಇಂಗ್ಲಿಷಿನಲ್ಲಿ ‘ಹೆಂಗೆಸ್ಟ್’ ಅಂದರೆ ಗಂಡು ಕುದುರೆ. ಕುದುರೆ ನೋಡಿಕೊಳ್ಳುವ ಆಳು, ಧಣಿಯ ಪಕ್ಕದಲ್ಲೇ ಹೋಗುವವನು, ಅವನೇ ಹೆಂಚ್‌ಮನ್. ಆಮೇಲೆ ಸ್ಕಾಟ್ಲೆಂಡಿನ ಗುಡ್ಡಗಾಡಿನ ಮುಖಂಡರ ನೆಚ್ಚಿನ ಆಳಿಗೆ ಈ ಹೆಸರು ಬಂತು. ಕೆಟ್ಟ ಅರ್ಥ ಅಂಟಿಕೊಂಡದ್ದು ಬಹಳ ತಡವಾಗಿ.

ನಮ್ಮಲ್ಲಿ ಇದಕ್ಕೆ ಸರಿಸಮನಾದ ಪದ ಇದೆ. ಸಾಹಣಿ. ಶಾಸನಗಳಲ್ಲಿ ಕುದುರೆಗಳ ಉಸ್ತುವಾರಿ ನೋಡುವವನು. ‘ಖಳನ ಸಾಹಣಿ’ ಎಂದು ಹಾಕಿರಿ. ನೋಡಲು ಬಂದವರು ಒಂದು ಒಳ್ಳೆಯ ಪದ ಕಲಿತು ಹೋಗುತ್ತಾರೆ.

ಬೆಂಗಳೂರಿನಿಂದ

ಸಾಹಣಿ ಬೇಡ. ಫ್ಲೆಕ್ಸ್ ಮುಂದೆ ನಿಂತವರಿಗೆ ಅದು ಯಾರದೋ ಅಡ್ಡಹೆಸರಿನ ಹಾಗೆ ಕೇಳುತ್ತದೆ. ಅದೂ ಅಲ್ಲದೆ ಸಂಸ್ಕೃತದಿಂದ ಇಳಿದು ಬಂದದ್ದು. ‘ಖಳ’ವೂ ಸಂಸ್ಕೃತವೇ. ಕನ್ನಡಿಗರ ಬಾಯಲ್ಲಿ ಆ ‘ಖ’ ನಿಲ್ಲುವುದೂ ಇಲ್ಲ.

‘ಕೇಡಿಗನ ಆಳು’ ಅನ್ನಿ. ಎರಡೇ ಪದ, ಎರಡೂ ನಮ್ಮವು. ಕೆಡು, ಕೇಡು, ಕೇಡಿ, ಕೇಡಿಗ. ಮನೆಯಲ್ಲೇ ಪದ ಇರುವಾಗ ನೆರೆಮನೆಗೆ ಯಾಕೆ ಹೋಗಬೇಕು?

ಮಂಗಳೂರಿನಿಂದ

ನಾನು ಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಮಾಡುವವನು. ಈ ಪದ ನಮಗೆ ದಿನಾ ಬೇಕಾಗುತ್ತದೆ. ಕ್ರೈಂ ಸುದ್ದಿಯಲ್ಲಿ ‘ಆತನ ಸಹಚರರು’ ಎಂದು ಬರೆಯುತ್ತೇವೆ. ಅದು ಪೊಲೀಸ್ ಪ್ರಕಟಣೆಯಿಂದ ಹಾಗೇ ಬಂದದ್ದು. ಇಡೀ ಗುಂಪಿಗೆ ‘ಪಟಾಲಂ’. ಒಬ್ಬನೇ ಆಗಿದ್ದು, ನಂಬಿಕೆಯವನಾಗಿದ್ದರೆ ‘ಬಲಗೈ ಬಂಟ’. ನಿಮ್ಮ ಆಡ್‌ಜಾಬ್‌ಗೆ ಇದು ಸರಿಯಾಗಿ ಕೂರುತ್ತದೆ.

ಒಂದು ಎಚ್ಚರಿಕೆ. ‘ಖಳನ ಬಂಟರು’ ಎಂದು ಬಹುವಚನದಲ್ಲಿ ಮಾತ್ರ ಹಾಕಬೇಡಿ. ನಮ್ಮ ಕಡೆ ಬಂಟರು ಅಂದರೆ ಒಂದು ಸಮಾಜ. ನಾನೂ ಅದೇ ಸಮಾಜದವನು. ‘ಬಲಗೈ’ ಸೇರಿದರೆ ಯಾರಿಗೂ ಏನೂ ಅನ್ನಿಸುವುದಿಲ್ಲ. ಬರೀ ‘ಬಂಟರು’ ಅಂದರೆ ಊರಿನಿಂದ ಬಂದವರು ನಿಂತು ಎರಡು ಸಲ ಓದುತ್ತಾರೆ.

ಬೆಂಗಳೂರಿನವರಿಗೆ ಒಂದು ಮಾತು. ರೌಡಿಗೆ ಹೇಳುವ ‘ಕೇಡಿ’ ಅಚ್ಚ ಕನ್ನಡ ಎಂದು ನಂಬಬೇಡಿ. ನಮ್ಮ ಜಿಲ್ಲೆ 1956ರವರೆಗೆ ಮದ್ರಾಸಿಗೆ ಸೇರಿತ್ತು. ಮದ್ರಾಸ್ ಪೊಲೀಸರ ರಿಜಿಸ್ಟರಿನಲ್ಲಿ ಹಳೇ ಕಳ್ಳರ ಹೆಸರಿನ ಮುಂದೆ ‘ಕೆ.ಡಿ.’ ಎಂದು ಬರೆಯುತ್ತಿದ್ದರು. ನೋನ್ ಡಿಪ್ರಿಡೇಟರ್, ಅಂದರೆ ಪೊಲೀಸರಿಗೆ ಗೊತ್ತಿರುವ ಲೂಟಿಕೋರ. ಅದೇ ಬೀದಿಗೆ ಇಳಿದು ‘ಕೇಡಿ’ ಆಯಿತು.

ಬೆಂಗಳೂರಿನಿಂದ

ತಪ್ಪು. ‘ಕೇಡು’ ಹಳಗನ್ನಡದಲ್ಲೇ ಇದೆ. ಆಗ ಪೊಲೀಸರೂ ಇರಲಿಲ್ಲ, ರಿಜಿಸ್ಟರೂ ಇರಲಿಲ್ಲ. ಸದ್ದು ಒಂದೇ ಆಯಿತು ಎಂದ ಮಾತ್ರಕ್ಕೆ ಬೇರು ಒಂದೇ ಆಗುತ್ತದಾ? ‘ಬಂಟ’ದ ಬೇರು ಹುಡುಕಿ ನೋಡಿ, ‘ಭಟ’ ಸಿಗುತ್ತದೆ.

ಮಂಗಳೂರಿನಿಂದ

ಸಿಗಲಿ. ಬಂಟ ಊರೂರಲ್ಲೂ ಬಳಕೆಯಲ್ಲಿದೆ. ಕೇಡಿಗ ನಿಮ್ಮ ಪಟ್ಟಿಯಲ್ಲಿ ಬಿಟ್ಟರೆ ಎಲ್ಲಿದೆ? 1968ರಲ್ಲಿ ದೊರೆ–ಭಗವಾನ್ ಬಾಂಡ್ ಮಾದರಿಯ ಚಿತ್ರ ಮಾಡಿದರು. ಹೆಸರು ‘ಜೇಡರ ಬಲೆ’. ಅಚ್ಚ ಕನ್ನಡ. ಅದರಲ್ಲಿ ರಾಜ್‌ಕುಮಾರ್ ಯಾರು? ಸಿ.ಐ.ಡಿ. 999. ಎರಡೂ ಒಂದೇ ಪೋಸ್ಟರಿನಲ್ಲಿ ಜಗಳವಿಲ್ಲದೆ ಇದ್ದವು. ಪದ ಎಲ್ಲಿಂದ ಬಂತು ಅನ್ನುವುದಕ್ಕಿಂತ ಕೇಳಿದವರಿಗೆ ಥಟ್ಟನೆ ಹೊಳೆಯುತ್ತದಾ ಅನ್ನುವುದು ಮುಖ್ಯ.

ಧಾರವಾಡದಿಂದ

‘ಬಂಟ’ಕ್ಕೆ ನನ್ನ ಒಪ್ಪಿಗೆ ಇಲ್ಲ. ರಾಮನ ಬಂಟ ಹನುಮಂತ. ನಾವು ಚಿಕ್ಕವರಿದ್ದಾಗಿನಿಂದ ಕೇಳಿದ್ದು ಅದೇ. ಓಡಿಹೋಗುತ್ತಿರುವ ಹುಡುಗಿಯ ಮೇಲೆ ಹ್ಯಾಟು ಎಸೆದು ಕೊಲ್ಲುವವನಿಗೂ ಅದೇ ಪದವೇ? ನಿಷ್ಠೆಯ ಪದವನ್ನು ಹೀಗೆ ಸವೆಸಬಾರದು.

ಹಾಸನದಿಂದ

ಸರ್, ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ. ನಿಷ್ಠೆಯ ಪದ ಅನ್ನುವ ಕಾರಣಕ್ಕೇ ಆಡ್‌ಜಾಬ್‌ಗೆ ‘ಬಂಟ’ ಬೇಕು.

ಆ ಚಿತ್ರದ ಕೊನೆಯ ಭಾಗ ನೆನಪು ಮಾಡಿಕೊಳ್ಳಿ. ಫೋರ್ಟ್ ನಾಕ್ಸ್‌ನ ಚಿನ್ನದ ಕೋಣೆ. ಬಾಂಬಿಗೆ ಬಾಂಡ್‌ನನ್ನು ಬೇಡಿ ಹಾಕಿ ಕಟ್ಟಿದ್ದಾರೆ. ಹೊರಗೆ ಸೈನ್ಯ ಬರುತ್ತದೆ. ಗೋಲ್ಡ್‌ಫಿಂಗರ್ ಬಾಗಿಲು ಮುಚ್ಚಿಸಿ ತಾನು ತಪ್ಪಿಸಿಕೊಳ್ಳುತ್ತಾನೆ. ಒಳಗೆ ಸಿಕ್ಕಿಬಿದ್ದವರು ಬಾಂಡ್, ಆಡ್‌ಜಾಬ್, ಮತ್ತೆ ಗೋಲ್ಡ್‌ಫಿಂಗರ್‌ನ ಇನ್ನೊಬ್ಬ ಆಳು ಕಿಶ್. ಕಿಶ್‌ಗೆ ಜೀವಭಯ. ಬಾಂಬ್ ನಿಲ್ಲಿಸಲು ಓಡುತ್ತಾನೆ. ಆಡ್‌ಜಾಬ್ ಅವನನ್ನು ಎತ್ತಿ ಮೇಲಿನಿಂದ ಕೆಳಕ್ಕೆ ಎಸೆಯುತ್ತಾನೆ. ಬಾಂಬ್ ಸಿಡಿದರೆ ತಾನೂ ಸಾಯುತ್ತೇನೆ ಎಂದು ಅವನಿಗೆ ಗೊತ್ತು. ಧಣಿ ತನ್ನನ್ನು ಬಿಟ್ಟು ಹೋಗಿದ್ದಾನೆ ಎಂದೂ ಗೊತ್ತು. ಆದರೂ ಧಣಿಯ ಕೆಲಸ ಕೆಡಬಾರದು.

ಇದನ್ನು ನೋಡಿದಾಗಲೆಲ್ಲ ನನಗೆ ಹಳೇಬೀಡಿನ ಕಂಬ ಕಣ್ಣ ಮುಂದೆ ಬರುತ್ತದೆ. ಹೊಯ್ಸಳೇಶ್ವರ ಗುಡಿಯ ಹತ್ತಿರವೇ ಇದೆ, ತುಂಬ ಜನ ನೋಡದೆ ಹೋಗುತ್ತಾರೆ. ಹೊಯ್ಸಳ ದೊರೆ ಎರಡನೇ ಬಲ್ಲಾಳ 1220ರಲ್ಲಿ ತೀರಿಕೊಂಡಾಗ ಅವನ ದಂಡನಾಯಕ ಕುವರ ಲಕ್ಷ್ಮ, ಲಕ್ಷ್ಮನ ಹೆಂಡತಿ, ಮತ್ತೆ ಗರುಡರು, ಅಂದರೆ ಧಣಿಯ ಜೊತೆಗೇ ಸಾಯುತ್ತೇವೆ ಎಂದು ಆಣೆ ಮಾಡಿದ ಅಂಗರಕ್ಷಕರು, ಪ್ರಾಣ ಬಿಟ್ಟರು. ಕಂಬದ ಮೇಲೆ ಕತ್ತಿಯಿಂದ ತಮ್ಮ ತಲೆಯನ್ನೇ ಕಡಿದುಕೊಳ್ಳುವ ವೀರರ ಸಣ್ಣ ಸಣ್ಣ ಉಬ್ಬು ಚಿತ್ರಗಳಿವೆ. ಹತ್ತಿರ ಹೋಗಿ ನೋಡಬೇಕು. ಒಬ್ಬನ ಮಂಡಿ ಮಡಚಿದ ರೀತಿಯಲ್ಲೇ ಅವನು ಮನಸ್ಸು ಗಟ್ಟಿ ಮಾಡಿದ್ದು ಕಾಣುತ್ತದೆ. ಲೆಂಕ, ಗರುಡ, ವೇಳೆವಾಳಿ, ಜೋಳವಾಳಿ. ಧಣಿಗಾಗಿ ಸಾಯುವುದಕ್ಕೆ ನಮ್ಮಲ್ಲಿ ಎಷ್ಟು ಪದ ಇದ್ದವು!

ಇನ್ನು ನೀವು ಹೇಳಿದ ಹನುಮಂತನ ವಿಷಯ. ಧಣಿ ಒಳ್ಳೆಯವನಾದರೆ ಮಾತ್ರ ಬಂಟ ಅನ್ನಬೇಕಾ? ಹಾಗಾದರೆ ಕರ್ಣ? ಅವನು ಜೋಳದ ಋಣ ತೀರಿಸಿದ್ದು ದುರ್ಯೋಧನನಿಗೆ. ನಮ್ಮ ಕವಿಗಳು ಅವನನ್ನು ಎಷ್ಟು ಪ್ರೀತಿಯಿಂದ ಬರೆದಿದ್ದಾರೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಬಂಟತನ ಬಂಟನದು. ಧಣಿಯ ಪಾಪ ಧಣಿಯದು.

ಮೈಸೂರಿನವರೇ, ಪ್ರಶ್ನೆಯಲ್ಲೇ ಒಂದು ತೊಡಕಿದೆ. ಮೂವರಿಗೂ ಒಂದೇ ಪದ ಹುಡುಕುತ್ತಿದ್ದೀರಿ. ಇಂಗ್ಲಿಷ್ ಅವರನ್ನು ಒಂದೇ ಚೀಲಕ್ಕೆ ಹಾಕಿದೆ, ನಾವು ಯಾಕೆ ಹಾಕಬೇಕು? ರೆಡ್ ಗ್ರಾಂಟ್ ಬಂಟ ಅಲ್ಲವೇ ಅಲ್ಲ. ರೈಲಿನಲ್ಲಿ ಬಾಂಡ್ ಅವನ ಮುಂದೆ ಮಂಡಿಯೂರಿ ಕೂತಿದ್ದಾನೆ, ಸಾವು ಖಚಿತ. ಆಗ ಬಾಂಡ್ ಪೆಟ್ಟಿಗೆಯಲ್ಲಿ 50 ಚಿನ್ನದ ನಾಣ್ಯ ಇದೆ ಅನ್ನುತ್ತಾನೆ. ಗ್ರಾಂಟ್‌ಗೆ ಎರಡನೇ ಪೆಟ್ಟಿಗೆಯ ಚಿನ್ನವೂ ಬೇಕು. ತೆರೆಯುತ್ತಾನೆ, ಮುಖಕ್ಕೆ ಹೊಗೆ ಎರಚುತ್ತದೆ, ಅಲ್ಲಿಗೆ ಅವನ ಕಥೆ ಮುಗಿಯಿತು. ಅವನು ಸುಪಾರಿ ಹಂತಕ.

ಜಾಸ್ ಇನ್ನೊಂದು ಬಗೆ. 7 ಅಡಿ 2 ಅಂಗುಲದ ರಿಚರ್ಡ್ ಕೀಲ್, ಉಕ್ಕಿನ ಹಲ್ಲು. ಮೊದಲ ಧಣಿ ಸತ್ತ ಮೇಲೆ 1979ರ ‘ಮೂನ್‌ರೇಕರ್’ನಲ್ಲಿ ಇನ್ನೊಬ್ಬ ಧಣಿಯ ಹತ್ತಿರ ಸೇರುತ್ತಾನೆ. ಆ ಧಣಿ ಕಟ್ಟುವ ಹೊಸ ಲೋಕದಲ್ಲಿ ತನಗೂ ತನ್ನ ಹುಡುಗಿಗೂ ಜಾಗ ಇಲ್ಲ ಎಂದು ಗೊತ್ತಾದ ಕೂಡಲೇ ಬಾಂಡ್ ಕಡೆ ಬರುತ್ತಾನೆ. ಅವನನ್ನು ‘ಬಾಡಿಗೆ ಆಳು’ ಅನ್ನಬಹುದು.

ಜಾಗ ಇದ್ದರೆ ಕಬೀರ್ ಬೇಡಿಯವರ ಗೋಬಿಂದನನ್ನೂ ಹಾಕಿ. 1983ರ ‘ಆಕ್ಟೋಪಸಿ’. ವಿಮಾನ ಹಾರುತ್ತಿರುವಾಗ ಹೊರಗೆ ಹೋಗಿ ಬಾಂಡ್‌ನನ್ನು ಹಿಡಿ ಅನ್ನುತ್ತಾನೆ ಧಣಿ. ಗೋಬಿಂದ ಒಂದು ಗಳಿಗೆ ತಡೆಯುತ್ತಾನೆ, ಆಮೇಲೆ ಹೋಗುತ್ತಾನೆ. ಅವನೂ ಬಂಟನೇ.

ಬೆಂಗಳೂರಿನಿಂದ

ಹಾಸನದವರ ಮಾತು ಒಪ್ಪಿದೆ, ‘ಸುಪಾರಿ’ ಒಂದನ್ನು ಬಿಟ್ಟು. ಸುಪಾರಿ ಅಂದರೆ ಹಿಂದಿಯಲ್ಲಿ ಅಡಿಕೆ. ಅಡಿಕೆ ಬೆಳೆಯುವ ನಾಡು ನಮ್ಮದು. ತೋಟ ನಮ್ಮದು, ಕೊನೆ ಕೊಯ್ಯುವವರು ನಮ್ಮವರು, ಪದ ಮಾತ್ರ ಮುಂಬೈಯಿಂದ ಬರಬೇಕಾ? ಇದನ್ನು ನೋಡಿದರೆ ನನಗೆ ನಿಜವಾಗಿಯೂ ಬೇಸರ ಆಗುತ್ತದೆ.

ಧಾರವಾಡದಿಂದ

ಕರ್ಣನ ಹೆಸರು ತೆಗೆದ ಮೇಲೆ ನಾನು ಸುಮ್ಮನಾಗಬೇಕಾಯಿತು. ‘ಬಂಟ’ ಇರಲಿ.

‘ಸುಪಾರಿ’ಯ ಬಗ್ಗೆ ಬೆಂಗಳೂರಿನವರು ಹೇಳಿದ್ದು ಸರಿ, ಆದರೆ ಅರ್ಧ ಮಾತ್ರ. ಪದ ಹೊರಗಿನದು, ಪದ್ಧತಿ ನಮ್ಮಲ್ಲೂ ಇತ್ತು. ಯುದ್ಧಕ್ಕೆ ಹೊರಡುವವನಿಗೆ ರಾಜ ವೀಳ್ಯ ಕೊಡುತ್ತಿದ್ದ. ರಣವೀಳ್ಯ. ತೆಗೆದುಕೊಂಡರೆ ಕೆಲಸ ಒಪ್ಪಿದ ಹಾಗೆ, ಹಿಂದೆ ಸರಿಯುವ ಹಾಗಿಲ್ಲ. ಕೊಲೆಗೆ ಅಡಿಕೆಯ ಹೆಸರು ಯಾಕೆ ಬಂತು ಎಂದು ಕೇಳುವವರಿಗೆ ನಾನು ಇದನ್ನೇ ತೋರಿಸುತ್ತೇನೆ. ‘ವೀಳ್ಯ ಪಡೆದವನು’ ಎಂದರೆ ಎಷ್ಟು ಚೆಂದ ನೋಡಿರಿ.

ಮಂಗಳೂರಿನಿಂದ

ಚೆಂದವೇ. ಆದರೆ ಈಗ ವೀಳ್ಯ ಅಂದರೆ ಮದುವೆ ಮನೆ ನೆನಪಾಗುತ್ತದೆ. ಕೊಲೆಗಾರನ ಫೋಟೋ ಕೆಳಗೆ ಹಾಕಲು ಆಗುವುದಿಲ್ಲ.

ಮೈಸೂರಿನಿಂದ

ಎಲ್ಲರಿಗೂ ತುಂಬ ಥ್ಯಾಂಕ್ಸ್. ಈಗಷ್ಟೇ ಅಂಗಡಿಯಿಂದ ಬಂದೆ.

ಆಡ್‌ಜಾಬ್ ಕೆಳಗೆ ‘ಬಲಗೈ ಬಂಟ’. ಗ್ರಾಂಟ್ ಕೆಳಗೆ ‘ಸುಪಾರಿ ಹಂತಕ’. ಜಾಸ್ ಕೆಳಗೆ ‘ಬಾಡಿಗೆ ಆಳು’. ಗೋಬಿಂದನಿಗೆ ಜಾಗ ಸಾಲಲಿಲ್ಲ, ಒಳಗೆ ಗೋಡೆಗೆ ಬೇರೆ ಹಾಳೆ ಅಂಟಿಸುತ್ತೇವೆ.

ಮೇಲಿನ ದೊಡ್ಡ ಸಾಲಿಗೆ ಕೊನೆಯವರೆಗೂ ಏನೂ ಹೊಳೆದಿರಲಿಲ್ಲ. ಅಂಗಡಿಯ ಹುಡುಗ ಫೋಟೋಗಳನ್ನು ಸ್ಕ್ರೀನ್ ಮೇಲೆ ಸಾಲಾಗಿ ಜೋಡಿಸುತ್ತಿದ್ದ. ಆಡ್‌ಜಾಬ್‌ನ ಹ್ಯಾಟಿನ ಅಂಚು ಕತ್ತರಿಸಿ ಹೋಗುತ್ತಿತ್ತು, ಸರಿ ಮಾಡಿದ. ಆಮೇಲೆ ತಿರುಗಿ ಕೇಳಿದ. “ಮೇಡಂ, ಇವರೆಲ್ಲ ವಿಲನ್ ಕಡೆಯವರಾ?” ಹೌದಪ್ಪಾ ಅಂದೆ. ಅದನ್ನೇ ಟೈಪ್ ಮಾಡು ಅಂದೆ. ಫ್ಲೆಕ್ಸ್ ಮೇಲೆ ಈಗ ದೊಡ್ಡದಾಗಿ ‘ವಿಲನ್ ಕಡೆಯವರು’ ಅಂತ ಇದೆ. ಚಿಕ್ಕವಳಿದ್ದಾಗ ಟೆಂಟಿನಲ್ಲಿ ಸಿನಿಮಾ ನೋಡುವಾಗ ನಾವೂ ಹೀಗೇ ಅನ್ನುತ್ತಿದ್ದೆವು. ಅಷ್ಟು ಹತ್ತಿರದ ಮಾತು ನನಗೆ ಯಾಕೆ ನೆನಪಾಗಲಿಲ್ಲವೋ ಗೊತ್ತಿಲ್ಲ.

ಶನಿವಾರ ಸಂಜೆ 6ಕ್ಕೆ ಚಿತ್ರ ಶುರು. ಹತ್ತಿರ ಇರುವವರು ಖಂಡಿತ ಬನ್ನಿ.

ಬೆಂಗಳೂರಿನಿಂದ

‘ಕಡೆಯವರು’ ತುಂಬ ಒಳ್ಳೆಯದು. ‘ವಿಲನ್’ ಒಪ್ಪುವುದಿಲ್ಲ. ‘ಸುಪಾರಿ’ ಬಗ್ಗೆ ಹೊಸ ಎಳೆಯಲ್ಲಿ ಬರೆಯುತ್ತೇನೆ. ಧಾರವಾಡದವರು ದಯವಿಟ್ಟು ಅಲ್ಲಿಗೆ ರಣವೀಳ್ಯದ ಪದ್ಯಗಳನ್ನು ಹಾಕಬೇಕು.